ಹರಳಲ್ಲದ ಹರಳು: ಜಾತ್ರೆಯ ಬಳೆಯಿಂದ ಇಟಲಿಯ ಬಟ್ಟಲಿನವರೆಗೆ

ನೀರಮಾನ್ವಿಯ ಯಲ್ಲಮ್ಮನ ಜಾತ್ರೆಯಲ್ಲಿ ಬಳೆಯ ಅಂಗಡಿಗಳ ಮುಂದೆ ಒಂದು ಗಳಿಗೆ ನಿಂತು ನೋಡೋಣ. ಹಸಿರು, ಕೆಂಪು, ನೀಲಿ, ಹಳದಿ ಬಳೆಗಳ ಮಲಾರಗಳು ಬಿಸಿಲಿಗೆ ಮಿನುಗುತ್ತಿರುತ್ತವೆ. ಅವುಗಳಲ್ಲಿ ಕೆಲವು ನುಣ್ಣಗೆ ದುಂಡಗಿರುವ ಸಾದಾ ಬಳೆಗಳು. ಇನ್ನು ಕೆಲವುಗಳ ಮೈಮೇಲೆ ಚಿಕ್ಕ ಚಿಕ್ಕ ಚಪ್ಪಟೆ ಮುಖಗಳನ್ನು ಸಾಣೆಗೆ ಹಿಡಿದು ಕೊರೆದಿರುತ್ತಾರೆ. ಬಳೆಗಾರನು ಕೈಯನ್ನು ತುಸು ತಿರುಗಿಸಿದರೆ ಸಾದಾ ಬಳೆಯಲ್ಲಿ ಬೆಳಕಿನ ಒಂದೇ ಗೆರೆ ಹರಿದುಹೋಗುತ್ತದೆ. ಕೊರೆದ ಬಳೆಯಲ್ಲಾದರೋ ಹತ್ತಾರು ಕಿಡಿಗಳು ಒಮ್ಮೆಲೇ ಚಿಮ್ಮುತ್ತವೆ. ಎರಡೂ ಗಾಜೇ. ಆದರೂ ಕಣ್ಣಿಗೆ ಅವು ಬೇರೆ ಬೇರೆ ವಸ್ತುಗಳಂತೆ ತೋರುತ್ತವೆ.

ಇದೇ ಸೀಮೆಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಪ್ರವಾಸಕ್ಕೆಂದು ಹೈದರಾಬಾದಿಗೆ ಹೋಗುವುದುಂಟು. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ವೆನಿಸ್, ಬೊಹೀಮಿಯ, ಇಂಗ್ಲೆಂಡ್ ಮೊದಲಾದ ಕಡೆಗಳಿಂದ ಬಂದ ಗಾಜಿನ ಸಾಮಾನುಗಳನ್ನು ಇರಿಸಿದ್ದಾರೆ. ಬಟ್ಟಲುಗಳ, ಹೂಜಿಗಳ, ಹೂದಾನಿಗಳ ಮೈಯೆಲ್ಲ ಬೆಳಕು ಒಡೆದು ಚೆಲ್ಲಿದಂತೆ ಕಾಣುವ ಆ ಕೋಣೆಯಲ್ಲಿ ನಿಂತವರಿಗೆ ಒಂದು ಸಂದೇಹ ಬರಬೇಕು: ಜಾತ್ರೆಯ ಬಳೆಗೂ ಈ ಬಟ್ಟಲಿಗೂ ಏನು ನಂಟು?

ಎರಡೂ ಒಂದೇ ಮನೆತನದವು ಎಂಬುದೇ ಇದಕ್ಕೆ ಉತ್ತರ. ಅವನ್ನು ಬೇರ್ಪಡಿಸಿರುವುದು ಮೂರು ವಿದ್ಯೆಗಳು: ಗಾಜಿನ ಬಣ್ಣ ಕಳೆದು ತಿಳಿಗೊಳಿಸುವುದು, ಅದಕ್ಕೆ ಸೀಸವನ್ನು ಬೆರೆಸುವುದು, ಸಾಣೆಚಕ್ರದ ಮೇಲೆ ಅದಕ್ಕೆ ಮುಖಗಳನ್ನು ಕೊಡುವುದು. ಈ ಮೂರು ವಿದ್ಯೆಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಕೈಯಲ್ಲಿ ಮಾತ್ರ ನೆಲೆಸಿರುವ ವಿದ್ಯೆಗೆ ಕೊನೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಇರುವ ಒಂದು ನಿದರ್ಶನವನ್ನೂ ನೋಡೋಣ.

ಗಾಜು ಎಂದರೇನು?

ರಾಯಚೂರು ಜಿಲ್ಲೆಯ ಗುಡ್ಡಗಳಲ್ಲಿ ಅಲೆದವರಿಗೆ ಬಿಳಿಯ ಬೆಣಚುಕಲ್ಲು ಹೊಸದಲ್ಲ. ಹಟ್ಟಿಯ ಗಣಿಗಳಲ್ಲಿ ಚಿನ್ನವು ದೊರೆಯುವುದು ಕೂಡ ಬೆಣಚುಕಲ್ಲಿನ ಎಳೆಗಳಲ್ಲಿಯೇ. ಈ ಕಲ್ಲು ಸಿಲಿಕ ಎಂಬ ವಸ್ತುವಿನ ಸ್ಫಟಿಕ ರೂಪ. ಹೊಳೆಯ ಮರಳಿನಲ್ಲಿ ಹೆಚ್ಚಿನ ಭಾಗವೂ ಇದೇ. ಸ್ಫಟಿಕದಲ್ಲಿ ಪರಮಾಣುಗಳು ಕವಾಯತಿಗೆ ನಿಂತ ಹುಡುಗರಂತೆ ಸಾಲುಸಾಲಾಗಿ ಕ್ರಮದಲ್ಲಿ ಇರುತ್ತವೆ. ಬೆಣಚನ್ನು ಸುಮಾರು 1700 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಆ ಸಾಲು ಮುರಿದು ಕಲ್ಲು ಕರಗುತ್ತದೆ. ಕರಗಿದ ಪಾಕವು ಬಹಳ ಮಂದವಾದದ್ದು. ಆರುವಾಗ ಪರಮಾಣುಗಳಿಗೆ ತಮ್ಮ ತಮ್ಮ ಸ್ಥಾನಕ್ಕೆ ಮರಳಲು ಎಡೆ ದೊರೆಯದೆ ಇದ್ದಲ್ಲಿಯೇ ಬಿಗಿದು ನಿಂತುಬಿಡುತ್ತವೆ. ಜಾತ್ರೆಯ ಗುಂಪು ಹಾಗೆಯೇ ಹೆಪ್ಪುಗಟ್ಟಿದರೆ ಹೇಗೋ ಹಾಗೆ. ಘನವಾಗಿದ್ದೂ ಒಳಗೆ ಕ್ರಮವಿಲ್ಲದ ಈ ಸ್ಥಿತಿಗೇ ಗಾಜು ಎಂದು ಹೆಸರು.

ಆದುದರಿಂದ 'ಸ್ಫಟಿಕದ ಬಟ್ಟಲು', 'ಕ್ರಿಸ್ಟಲ್' ಎಂಬ ಮಾತುಗಳು ವಿಜ್ಞಾನದ ದೃಷ್ಟಿಯಿಂದ ಸರಿಯಲ್ಲ. ಎಷ್ಟು ಬೆಲೆಬಾಳುವ ಬಟ್ಟಲಾದರೂ ಅದು ಗಾಜೇ ಹೊರತು ಸ್ಫಟಿಕವಲ್ಲ. ಪಾರದರ್ಶಕವಾದ ನಿಜವಾದ ಸ್ಫಟಿಕಶಿಲೆಯನ್ನು ಹೋಲುತ್ತದೆಂಬ ಕಾರಣದಿಂದ ಆ ಹೆಸರು ನಿಂತಿದೆ.

ಹಳೆಯ ಕಾಲದ ಕುಲುಮೆಗಳಲ್ಲಿ 1700 ಡಿಗ್ರಿ ಕಾವು ದೊರೆಯುವುದು ಸಾಧ್ಯವಿರಲಿಲ್ಲ. ಆದರೆ ಮರಳಿಗೆ ಸೋಡಾ, ಎಂದರೆ ಸೋಡಿಯಂ ಕಾರ್ಬೊನೇಟನ್ನು ಸೇರಿಸಿದರೆ ಅದು ಬಹಳ ಕಡಿಮೆ ಕಾವಿನಲ್ಲಿಯೇ ಕರಗುತ್ತದೆ. ಹಾಗೆ ಸೋಡಾ ಮಾತ್ರ ಬೆರೆತ ಗಾಜಿಗೆ ಒಂದು ದೋಷವುಂಟು: ಅದು ನೀರಿನಲ್ಲಿ ಕರಗುತ್ತದೆ! ಅದಕ್ಕೆ ಸುಣ್ಣವನ್ನು ಕೂಡಿಸಿದಾಗ ಈ ದೋಷ ನೀಗುತ್ತದೆ. ಮರಳು, ಸೋಡಾ, ಸುಣ್ಣ ಇವು ಮೂರೂ ಕೂಡಿದ್ದೇ ನಮ್ಮ ಕಿಟಕಿಯ, ಸೀಸೆಯ, ಬಳೆಯ ಸಾಮಾನ್ಯ ಗಾಜು. ಅದರ ನೂರು ಭಾಗಗಳಲ್ಲಿ ಸಿಲಿಕವೇ 70ಕ್ಕಿಂತ ಹೆಚ್ಚು.

ಚೌಳುಮಣ್ಣಿನ ಕೊಡುಗೆ

ನಮ್ಮ ಹಿರಿಯರಿಗೆ ಸೋಡಾ ಎಲ್ಲಿಂದ ಬರುತ್ತಿತ್ತು? ಕಾಲ ಕೆಳಗಿನ ನೆಲದಿಂದಲೇ. ಒಣ ಸೀಮೆಯ ಹೊಲಗಳಲ್ಲಿ ಬೇಸಗೆಯ ದಿನ ಮಣ್ಣಿನ ಮೇಲೆ ಬೆಳ್ಳನೆಯ ಪುಡಿ ಉಕ್ಕಿರುವುದನ್ನು ನಾವು ಕಾಣುತ್ತೇವೆ. ಅದೇ ಚೌಳು. ನೆಲದೊಳಗಿನ ನೀರು ಲವಣಗಳನ್ನು ಕರಗಿಸಿಕೊಂಡು ಮೇಲೇರಿ, ಬಿಸಿಲಿಗೆ ಆರಿ, ಅವನ್ನು ಮೇಲೆ ಬಿಟ್ಟುಹೋಗುತ್ತದೆ. ಆ ಲವಣಗಳಲ್ಲಿ ಸೋಡಾ ಹೆಚ್ಚಾಗಿರುವ ಮಣ್ಣನ್ನು ಬಟ್ಟೆ ಒಗೆಯಲು ಬಳಸುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಕಡೆಯ ಎಷ್ಟೋ ಗದ್ದೆಗಳು ಜವುಳು ಚೌಳಾಗಿ ರೈತರನ್ನು ಕಂಗೆಡಿಸಿವೆ. ಬೇಸಾಯಗಾರನಿಗೆ ಶತ್ರುವಾದ ಈ ಚೌಳೇ ಗಾಜು ಮಾಡುವವನಿಗೆ ಮುಖ್ಯ ಸಾಮಗ್ರಿಯಾಗಿತ್ತು.

ಗಾಜಿನ ಬಳಕೆ ಈ ಸೀಮೆಗೆ ಬಹು ಹಳೆಯದು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ದೊರೆತದ್ದರಿಂದ ಪ್ರಸಿದ್ಧವಾದ ಮಸ್ಕಿ ರಾಯಚೂರು ಜಿಲ್ಲೆಯಲ್ಲಿಯೇ ಇದೆ. ಅಲ್ಲಿ ಬಿ. ಕೆ. ಥಾಪರ್ ಅವರು 1954ರಲ್ಲಿ ಉತ್ಖನನ ನಡೆಸಿದಾಗ ದೊರೆತ ಮಣಿಗಳಲ್ಲಿ ಗಾಜಿನವೂ ಇದ್ದವು. ದಕ್ಷಿಣ ಭಾರತದ ಪ್ರಾಚೀನ ನೆಲೆಗಳಲ್ಲಿ ಸಿಕ್ಕುವ ಗಾಜಿನ ಸಣ್ಣ ಮಣಿಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ ಒಂದು ವಿಶೇಷ ಕಂಡುಬಂದಿದೆ. ರೋಮನ್ನರ ಕಾಲದ ಪಶ್ಚಿಮದೇಶಗಳ ಗಾಜಿನಲ್ಲಿ ಅಲ್ಯುಮಿನ ಸಾಮಾನ್ಯವಾಗಿ ಶೇಕಡ 2–3ರಷ್ಟಿದ್ದರೆ, ನಮ್ಮ ಮಣಿಗಳಲ್ಲಿ ಅನೇಕವೇಳೆ ಅದು 5ಕ್ಕೂ ಹೆಚ್ಚು. ಗ್ರಾನೈಟು ಸವೆದು ಆದ ಮರಳನ್ನೂ ಚೌಳುಮಣ್ಣನ್ನೂ ಬಳಸಿದ ಗುರುತು ಇದು. ಒಂದು ಮಣಿಯ ಒಳಗೆ ಅದು ಹುಟ್ಟಿದ ನೆಲದ ವಿಳಾಸವೇ ಬರೆದಂತಿದೆ ಎನ್ನಬಹುದು.

ಮಣಿಗಳಾದ ಮೇಲೆ ಬಳೆಗಳು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ ಎಂಬಾತನು 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಮತ್ತೋಡಿನ ಗಾಜಿನ ಕುಲುಮೆಗಳ ವಿಚಾರವನ್ನು ಬರೆದಿಟ್ಟನು. ಅಲ್ಲಿನವರು ಬಿಳಿಯ ಬೆಣಚುಕಲ್ಲನ್ನು ಪುಡಿಮಾಡಿ, ಮಣ್ಣಿನಿಂದ ತೆಗೆದ ಸೋಡಾದೊಡನೆ ಬೆರೆಸಿ, ಮಣ್ಣಿನ ಮೂಸೆಗಳಲ್ಲಿಟ್ಟು ಸೌದೆಯ ಉರಿಯಲ್ಲಿ ಕರಗಿಸುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಗಾಜು ಅಲ್ಲಿ ಆಗುತ್ತಿತ್ತು. ಅದರಿಂದ ಬಳೆಗಳನ್ನು ಮಾಡುತ್ತಿದ್ದರು. ಕೈಯಿಂದ ಬಳೆ ಮಾಡುವ ಹಳೆಯ ಕ್ರಮವು ನೋಡಲು ಸರಳ, ಮಾಡಲು ಕಠಿನ. ಕಬ್ಬಿಣದ ಸರಳಿನ ತುದಿಗೆ ಕರಗಿದ ಗಾಜಿನ ಒಂದು ಮುದ್ದೆಯನ್ನು ತೆಗೆದು, ಅದರ ನಡುವೆ ತೂತುಮಾಡಿ, ಶಂಕುವಿನಾಕಾರದ ಅಚ್ಚಿನ ಮೇಲೆ ತಿರುಗಿಸುತ್ತ ತಿರುಗಿಸುತ್ತ ಅಗಲಿಸಿದರೆ ಬೆಸುಗೆಯಿಲ್ಲದ ಬಳೆ ಸಿದ್ಧವಾಗುತ್ತದೆ. ಗಾಜು ಬಿಗಿಯುವುದಕ್ಕೆ ಮೊದಲು ಕ್ಷಣಮಾತ್ರದಲ್ಲಿ ಇದೆಲ್ಲವೂ ಮುಗಿಯಬೇಕು.

ಮತ್ತೋಡಿನ ಗಾಜಿಗೆ ಬಣ್ಣವಿತ್ತು, ಹೊಳಪಿತ್ತು. ಇಲ್ಲದಿದ್ದುದು ಒಂದೇ: ನೀರಿನಂತಹ ತಿಳಿತನ. ಮಣ್ಣಿನಿಂದ ಬಂದ ಸೋಡಾದೊಡನೆ ಕಬ್ಬಿಣದ ಅಂಶವೂ ಬರುತ್ತದೆ. ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಕಬ್ಬಿಣವಿದ್ದರೂ ಗಾಜು ಹಸಿರಾಗುತ್ತದೆ. ಬಳೆಗೆ ಬಣ್ಣವೇ ಬೇಕಾದುದರಿಂದ ಅದು ಕುಂದಾಗಿ ತೋರಲಿಲ್ಲ. ಆದರೆ ಬಣ್ಣವಿಲ್ಲದ ಗಾಜನ್ನೇ ಬಯಸಿದವರು ಬೇರೆ ದಾರಿಯನ್ನು ಹುಡುಕಬೇಕಾಯಿತು. ಆ ದಾರಿಯನ್ನು ತಿಳಿಯಲು ನಾವು ಈಗ ಇಟಲಿಗೆ ಹೋಗಬೇಕು.

ಮೊದಲನೆಯ ವಿದ್ಯೆ: ಬಣ್ಣ ಕಳೆಯುವುದು

ವೆನಿಸ್ ನಗರದ ಮನೆಗಳಿಗೆ ಕುಲುಮೆಗಳಿಂದ ಬೆಂಕಿಯ ಭಯವಿತ್ತು. ಅದಕ್ಕಾಗಿ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಪಕ್ಕದ ಮುರಾನೊ ದ್ವೀಪಕ್ಕೆ ಕಳುಹಿಸಿದರು. ಇದರಿಂದ ಇನ್ನೊಂದು ಲಾಭವೂ ಆಯಿತು: ಕುಶಲಿಗಳೆಲ್ಲ ಒಂದೆಡೆ ಸೇರಿದರು, ಗುಟ್ಟು ಹೊರಬೀಳದಂತೆ ಕಾಯುವುದು ಸುಲಭವಾಯಿತು. ಊರು ಬಿಟ್ಟು ಹೋಗಿ ಬೇರೆಡೆ ಕುಲುಮೆ ಹೂಡಿದ ಕುಶಲಿಯು ಅಲ್ಲಿ ಅಪರಾಧಿಯೆನಿಸುತ್ತಿದ್ದನು.

ಸುಮಾರು 1450ರ ಹೊತ್ತಿಗೆ ಮುರಾನೊದ ಆಂಜೆಲೊ ಬರೋವಿಯೆರ್ ಎಂಬ ಕುಶಲಿಯ ಹೆಸರಿನೊಡನೆ 'ಕ್ರಿಸ್ತಾಲ್ಲೊ' ಎಂಬ ತಿಳಿಗಾಜು ಪ್ರಸಿದ್ಧಿಗೆ ಬಂದಿತು. ಅದರ ಕ್ರಮ ಹೀಗೆ: ಮರಳಿನ ಬದಲು ನದಿಯ ಬಿಳಿಯ ಬೆಣಚುಗುಂಡುಗಳನ್ನು ಆರಿಸಿ ಪುಡಿಮಾಡುವುದು; ಸೋಡಾ ಇರುವ ಸಸ್ಯಗಳ ಬೂದಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಬತ್ತಿಸಿ, ಶುದ್ಧವಾದ ಲವಣವನ್ನು ಮಾತ್ರ ತೆಗೆದುಕೊಳ್ಳುವುದು; ಉಳಿದ ಹಸಿರು ಛಾಯೆಯನ್ನು ಅಳಿಸಲು ಮ್ಯಾಂಗನೀಸನ್ನು ಚಿಟಿಕೆಯಷ್ಟು ಬೆರೆಸುವುದು. ಮ್ಯಾಂಗನೀಸು ಕಬ್ಬಿಣದ ರಾಸಾಯನಿಕ ಸ್ಥಿತಿಯನ್ನು ಬದಲಿಸುತ್ತದೆ. ತನ್ನದೇ ಆದ ನಸುನೇರಳೆ ಛಾಯೆಯಿಂದ ಹಸಿರನ್ನು ಮರೆಸುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೂದಿಯನ್ನು ಸೋಸುವಾಗ ಕಬ್ಬಿಣದೊಡನೆ ಸುಣ್ಣವೂ ಹೊರಟುಹೋಗುತ್ತಿತ್ತು. ಗಾಜನ್ನು ನೀರಿನಿಂದ ಕಾಪಾಡುವುದೇ ಸುಣ್ಣವೆಂದು ನಾವು ಹೇಳಿದೆವಷ್ಟೆ. ಆದುದರಿಂದ ಅತಿ ಶುದ್ಧವಾದ ಕೆಲವು ಪಾತ್ರೆಗಳು ಕಾಲಕ್ರಮದಲ್ಲಿ ಬೆವರಿದಂತೆ ತೇವಗೊಂಡು, ಮೈಯೆಲ್ಲ ಕೂದಲಿನಂತಹ ಬಿರುಕುಬಿಟ್ಟು ಹಾಳಾದವು. ಗಾಜಿಗೂ ರೋಗವುಂಟು! ಬಹುಕಾಲ ನೆಲದಲ್ಲಿ ಹೂತ ಗಾಜು ಪದರ ಪದರವಾಗಿ ಸವೆದು ಕಾಮನಬಿಲ್ಲಿನ ಬಣ್ಣಗಳನ್ನು ತಳೆಯುವುದೂ ಇಂತಹ ಕ್ಷಯದಿಂದಲೇ. ಬೆಂಗಳೂರಿನಲ್ಲಿದ್ದ ಸಿ. ವಿ. ರಾಮನ್ನರು 1940ರ ಸುಮಾರಿಗೆ ಪ್ರಾಚೀನ ಗಾಜಿನ ಈ ಬಣ್ಣಗಳನ್ನು ಕುರಿತು ಸಂಶೋಧನೆ ನಡೆಸಿ ಲೇಖನಗಳನ್ನು ಪ್ರಕಟಿಸಿದರು.

ಕ್ರಿಸ್ತಾಲ್ಲೊ ಬಹಳ ತೆಳುವಾಗಿ ಊದಲು ಬರುವ ಗಾಜು. ಅದು ಬೇಗ ಬಿಗಿಯುತ್ತದೆ. ಆಳವಾಗಿ ಕೊರೆಯಲು ಬೇಕಾದ ದಪ್ಪ ಅದಕ್ಕಿಲ್ಲ. ಹೀಗಾಗಿ ಮುರಾನೊದ ಕುಶಲಿಗಳು ತಮ್ಮ ಜಾಣ್ಮೆಯನ್ನೆಲ್ಲ ಬಿಸಿಯಿರುವಾಗಲೇ ತೋರಿದರು. ಆರಿದ ಮೇಲೆ ಕೊರೆಯುವ ಗಾಜಿಗೆ ಎರಡನೆಯ ವಿದ್ಯೆ ಬೇಕಾಯಿತು.

ಎರಡನೆಯ ವಿದ್ಯೆ: ಸೀಸ ಬೆರೆಸುವುದು

ಇಟಲಿಯ ಫ್ಲಾರೆನ್ಸಿನವನಾದ ಅಂತೋನಿಯೊ ನೇರಿ ಎಂಬ ಪಾದ್ರಿಯು 1612ರಲ್ಲಿ ಗಾಜು ಮಾಡುವ ಕಲೆಯನ್ನು ಕುರಿತು ಒಂದು ಗ್ರಂಥವನ್ನು ಅಚ್ಚುಹಾಕಿಸಿದನು. ಮುರಾನೊ ಕಾಯ್ದಿಟ್ಟಿದ್ದಂತಹ ಗುಟ್ಟುಗಳನ್ನು ಅವನು ಎಲ್ಲರೂ ಓದುವಂತೆ ಬರೆದನು. ಸೀಸ ಬೆರೆತ ಗಾಜನ್ನು ಮಾಡುವ ಬಗೆಯೂ ಅದರಲ್ಲಿತ್ತು. 1662ರಲ್ಲಿ ಕ್ರಿಸ್ಟಫರ್ ಮೆರೆಟ್ ಎಂಬಾತನು ಅದನ್ನು ಇಂಗ್ಲಿಷಿಗೆ ಅನುವಾದಿಸಿದನು. ಅದಾದ ಹನ್ನೆರಡು ವರ್ಷಗಳಿಗೆ, 1674ರಲ್ಲಿ, ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ವರ್ತಕನು ಸ್ಫಟಿಕದಂತಹ ಹೊಸ ಗಾಜಿಗೆ ಹಕ್ಕುಪತ್ರವನ್ನು ಪಡೆದನು. ಅವನ ಮೊದಲ ಪಾತ್ರೆಗಳೂ ಬಿರುಕುಬಿಡುವ ರೋಗಕ್ಕೆ ತುತ್ತಾದವು. ಸೀಸದ ಆಕ್ಸೈಡಿನ ಪ್ರಮಾಣವನ್ನು ಸರಿಪಡಿಸಿದ ಮೇಲೆ ಗಾಜು ನಿಂತಿತು.

ಸೀಸವು ಗಾಜಿನಲ್ಲಿ ಏನು ಮಾಡುತ್ತದೆ? ಮೊದಲನೆಯದಾಗಿ, ಗಾಜು ಕಡಿಮೆ ಕಾವಿನಲ್ಲಿ ಕರಗಿ, ನಿಧಾನವಾಗಿ ಬಿಗಿಯುತ್ತದೆ. ಕುಶಲಿಗೆ ದಪ್ಪನಾದ ಪಾತ್ರೆಯನ್ನು ರೂಪಿಸಲು ಬಿಡುವು ದೊರೆಯುತ್ತದೆ. ಎರಡನೆಯದಾಗಿ, ಗಾಜು ಮೃದುವಾಗಿ ಸಾಣೆಯ ಮೇಲೆ ಸುಲಭವಾಗಿ ಸವೆಯುತ್ತದೆ. ಮೂರನೆಯದಾಗಿ, ಅದು ತೂಕವುಳ್ಳದ್ದಾಗುತ್ತದೆ: ಸಾಮಾನ್ಯ ಗಾಜು ನೀರಿನ ಎರಡೂವರೆ ಪಟ್ಟು ಭಾರವಿದ್ದರೆ ಸೀಸದ ಗಾಜು ಸುಮಾರು ಮೂರು ಪಟ್ಟು. ನಾಲ್ಕನೆಯದಾಗಿ, ಬೆರಳಿನಿಂದ ಮೀಟಿದರೆ ಅದರ ನಾದ ಗಂಟೆಯಂತೆ ಬಹಳ ಹೊತ್ತು ನಿಲ್ಲುತ್ತದೆ. ಕೊನೆಯದಾಗಿ, ಬೆಳಕನ್ನು ಬಾಗಿಸುವ ಶಕ್ತಿ ಅದರಲ್ಲಿ ಹೆಚ್ಚುತ್ತದೆ. ಯೂರೋಪಿನ ದೇಶಗಳು 1969ರಲ್ಲಿ ಮಾಡಿಕೊಂಡ ನಿಯಮದ ಪ್ರಕಾರ, ಸೀಸದ ಸ್ಫಟಿಕಗಾಜು ಎನಿಸಿಕೊಳ್ಳಬೇಕಾದರೆ ಶೇಕಡ 24ಕ್ಕೆ ಕಡಿಮೆಯಿಲ್ಲದಷ್ಟು ಸೀಸದ ಆಕ್ಸೈಡು ಇರಬೇಕು, ಸಾಂದ್ರತೆ 2.90ಕ್ಕೆ ಕಡಿಮೆಯಿರಬಾರದು.

ಈ ಗಾಜಿನ ವಿದ್ಯೆ ಇಟಲಿಯಲ್ಲಿ ನೆಲೆನಿಂತ ಊರು ಟಸ್ಕನಿ ಪ್ರಾಂತದ ಕೊಲ್ಲೆ ದಿ ವಾಲ್ ದೆಲ್ಸ. ಸಿಯೆನ ಮತ್ತು ಫ್ಲಾರೆನ್ಸ್ ನಗರಗಳ ನಡುವೆ, ಗುಡ್ಡದ ಮೇಲಿರುವ ಈ ಊರಿನಲ್ಲಿ 1820ರಿಂದ ಈಚೆಗೆ ಗಾಜಿನ ಕೈಗಾರಿಕೆ ಬೆಳೆಯಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಸ್ಫಟಿಕಗಾಜಿನ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಅದಕ್ಕಾಗಿಯೇ ಮೀಸಲಾದ ವಸ್ತುಸಂಗ್ರಹಾಲಯವೂ ಆ ಊರಿನಲ್ಲಿದೆ.

ಬೆಳಕು ಏಕೆ ಸಿಡಿಯುತ್ತದೆ?

ಸಾಣೆಯ ಮುಂದೆ ಕುಳಿತವನ ಕೆಲಸವನ್ನು ನೋಡುವುದಕ್ಕೆ ಮೊದಲು ಅವನು ಏನನ್ನು ಸಾಧಿಸಹೊರಟಿದ್ದಾನೆಂಬುದನ್ನು ತಿಳಿಯಬೇಕು. ಅದಕ್ಕೊಂದು ಸುಲಭವಾದ ಪ್ರಯೋಗವಿದೆ. ಬರಿದಾದ ಒಂದು ಪರೀಕ್ಷಾನಳಿಕೆಯನ್ನು ನೀರು ತುಂಬಿದ ಲೋಟದಲ್ಲಿ ಓರೆಯಾಗಿ ಅದ್ದಿ ಮೇಲಿನಿಂದ ನೋಡಿರಿ. ನಳಿಕೆಯ ಮೈ ಬೆಳ್ಳಿಯ ಮುಲಾಮು ಹಚ್ಚಿದಂತೆ ಹೊಳೆಯುತ್ತದೆ. ಈಗ ನಳಿಕೆಯೊಳಗೆ ನೀರನ್ನು ಸುರಿಯಿರಿ. ನೀರು ಏರಿದಷ್ಟು ಎತ್ತರಕ್ಕೆ ಬೆಳ್ಳಿ ಮಾಯವಾಗುತ್ತದೆ!

ಇದರ ಕಾರಣ ಹೀಗಿದೆ. ಬೆಳಕು ನೀರಿನಿಂದಾಗಲಿ ಗಾಜಿನಿಂದಾಗಲಿ ಗಾಳಿಗೆ ಹೊರಡುವಾಗ ಬಾಗುತ್ತದೆ. ಅದು ಹೆಚ್ಚು ಓರೆಯಾಗಿ ಬಂದಷ್ಟೂ ಹೆಚ್ಚು ಬಾಗುತ್ತದೆ. ಒಂದು ಮಿತಿಯನ್ನು ಮೀರಿದರೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಹಿಂದಿರುಗುತ್ತದೆ. ಇದಕ್ಕೆ ಸಂಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಆ ಮಿತಿಗೆ ಕ್ರಾಂತಿಕೋನವೆನ್ನುತ್ತಾರೆ. ನೀರಿಗೆ ಅದು ಸುಮಾರು 49 ಡಿಗ್ರಿ, ವಕ್ರೀಭವನಾಂಕ 1.52 ಇರುವ ಸಾಮಾನ್ಯ ಗಾಜಿಗೆ ಸುಮಾರು 41, ವಕ್ರೀಭವನಾಂಕ 1.56 ಇರುವ ಸೀಸದ ಗಾಜಿಗೆ ಸುಮಾರು 40. ವಜ್ರಕ್ಕಾದರೋ 24 ಮಾತ್ರ.

ಬಟ್ಟಲಿನ ದಪ್ಪನಾದ ಗೋಡೆಯ ಹೊರಮೈಯಲ್ಲಿ ಎರಡು ಇಳಿಜಾರುಗಳು ಕೂಡುವಂತೆ ಒಂದು ಗಾಡಿಯನ್ನು, ಎಂದರೆ ಕಾಲುವೆಯಂತಹ ಗೆರೆಯನ್ನು, ಕೊರೆದಿದೆ ಎನ್ನಿ. ಒಳಗಿನಿಂದ ನೇರವಾಗಿ ಬಂದ ಕಿರಣವು 45 ಡಿಗ್ರಿಯ ಇಳಿಜಾರಿಗೆ ತಗುಲಿದರೆ ಅದು ಮಿತಿಯನ್ನು ಮೀರಿದಂತಾಯಿತು. ಕಿರಣವು ಹೊರಗೆ ಹೋಗದೆ ತಿರುಗಿ, ಇನ್ನೊಂದು ಮುಖಕ್ಕೆ ಬಡಿದು, ಎಲ್ಲಿಯೋ ಒಂದೆಡೆ ನಮ್ಮ ಕಣ್ಣಿಗೆ ಹಾರುತ್ತದೆ. ಪ್ರತಿಯೊಂದು ಮುಖವೂ ಒಂದು ಚಿಕ್ಕ ಕನ್ನಡಿ. ಬಟ್ಟಲು ಅಥವಾ ನೋಡುವವನ ತಲೆ ಸ್ವಲ್ಪ ಅಲುಗಿದರೂ ಒಂದು ಕನ್ನಡಿ ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ. ನಾವು ಮಿಂಚು ಎನ್ನುವುದು ಇದನ್ನೇ.

ಇಲ್ಲಿ ಓದುಗರು ಒಂದು ಪ್ರಶ್ನೆಯನ್ನು ಕೇಳಬಹುದು. 41 ಡಿಗ್ರಿಗೂ 40 ಡಿಗ್ರಿಗೂ ಇರುವ ಅಂತರ ಬಹು ಅಲ್ಪವಲ್ಲವೆ? ಅಷ್ಟಕ್ಕಾಗಿ ಸೀಸವೇಕೆ? ಪ್ರಶ್ನೆ ನ್ಯಾಯವಾದದ್ದೇ. ಮಿಂಚಿನ ಹೆಚ್ಚಿನ ಪಾಲು ಕೊರೆತದಿಂದಲೇ ಬರುತ್ತದೆ. ಜಾತ್ರೆಯ ಅಗ್ಗದ ಬಳೆಯೂ ಮುಖ ಕೊರೆದರೆ ಕಿಡಿ ಸೂಸುವುದು ಇದರಿಂದಲೇ. ಸೀಸದ ಬೆಳಕಿನ ಕೊಡುಗೆ ಬೇರೆ ಬಗೆಯದು. ಕೆಂಪು ಬೆಳಕಿಗಿಂತ ನೇರಳೆ ಬೆಳಕನ್ನು ಅದು ಸಾಮಾನ್ಯ ಗಾಜಿಗಿಂತ ಹೆಚ್ಚಾಗಿ ಬಾಗಿಸಿ ಬಣ್ಣಗಳನ್ನು ಬಿಡಿಸುತ್ತದೆ. ಅಂಚುಗಳಲ್ಲಿ ಕಾಣುವ ಕಾಮನಬಿಲ್ಲಿನ ತುಣುಕುಗಳು ಸೀಸದ್ದು. ಮಿಕ್ಕಂತೆ ಸೀಸವು ಬೆಳಕಿಗಿಂತ ಹೆಚ್ಚಾಗಿ ಸಾಣೆ ಹಿಡಿಯುವವನ ಕೈಗೆ ನೆರವಾಯಿತೆಂದೇ ಹೇಳಬೇಕು.

ಮೂರನೆಯ ವಿದ್ಯೆ: ಸಾಣೆಯ ಮುಂದೆ

ಗಾಜನ್ನು ಚಕ್ರದಿಂದ ಕೊರೆಯುವ ವಿದ್ಯೆ ರತ್ನಗಳಿಗೆ ಸಾಣೆ ಹಿಡಿಯುವವರಿಂದ ಬಂದದ್ದು. ಪ್ರಾಗ್ ನಗರದಲ್ಲಿ ದೊರೆ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿದ್ದ ಕಾಸ್ಪರ್ ಲೇಮನ್ ಎಂಬ ಕುಶಲಿಯು ಹರಳುಗಳ ಮೇಲೆ ಮಾಡುತ್ತಿದ್ದ ಕೆತ್ತನೆಯನ್ನು ಗಾಜಿನ ಮೇಲೆ ಮಾಡಿ 1609ರಲ್ಲಿ ಅದಕ್ಕೆ ವಿಶೇಷ ಹಕ್ಕನ್ನು ಪಡೆದನು. ಆ ವಿದ್ಯೆ ಬೊಹೀಮಿಯದಿಂದ ಯೂರೋಪಿನ ಇತರ ಕಡೆಗಳಿಗೆ ಹರಡಿತು.

ಇಟಲಿಯ ಕುಲುಮೆಯ ಮುಂದೆ ಕೆಲಸ ಮಾಡುವ ತಂಡಕ್ಕೆ 'ಪಿಯಾತ್ಸ' ಎನ್ನುತ್ತಾರೆ. ಅದರ ಮುಖ್ಯಸ್ಥ 'ಮಾಯೆಸ್ತ್ರೊ', ಎಂದರೆ ಗುರು. ಅವನ ಕೈಕೆಳಗೆ ಸಹಾಯಕನು, ಅವನ ಕೆಳಗೆ ಕಲಿಯುವ ಹುಡುಗನು. ಕಬ್ಬಿಣದ ಊದುಗೊಳವೆಯ ತುದಿಗೆ ಗಾಜಿನ ಪಾಕವನ್ನು ಸುತ್ತಿ, ಊದಿ, ತಿರುಗಿಸಿ, ಮರದ ಹಲಗೆಯಿಂದ ತಿದ್ದಿ ಬಟ್ಟಲಿನ ಆಕಾರ ಕೊಡುತ್ತಾರೆ. ಅದನ್ನು ಒಮ್ಮೆಲೇ ಆರಲು ಬಿಟ್ಟರೆ ಹೊರಮೈ ಮೊದಲು ಬಿಗಿದು, ಒಳಗೆ ಸೆಳೆತವುಂಟಾಗಿ, ಸಾಣೆ ತಗುಲಿದೊಡನೆ ಪಾತ್ರೆ ಸೀಳುತ್ತದೆ. ಆದುದರಿಂದ ಬೇರೊಂದು ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಹೊತ್ತು ಮೆಲ್ಲಗೆ ಕಾವಿಳಿಸುತ್ತಾರೆ.

ಆಮೇಲೆ ಪಾತ್ರೆಯು ಸಾಣೆಗಾರನ ಕೈಗೆ ಬರುತ್ತದೆ. ಇಟಲಿಯಲ್ಲಿ ಅವನಿಗೆ 'ಮೊಲಾತೋರೆ' ಎಂದು ಹೆಸರು. 'ಮೋಲ' ಎಂದರೆ ಸಾಣೆಚಕ್ರ. ಅವನು ಮೊದಲು ಪಾತ್ರೆಯ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನು ಮಾತ್ರ ಎಳೆದುಕೊಳ್ಳುತ್ತಾನೆ. ಉಳಿದ ಚಿತ್ರವೆಲ್ಲವೂ ಮನಸ್ಸಿನಲ್ಲಿರುತ್ತದೆ. ಹಿಂದೆ ಕಬ್ಬಿಣದ ಚಕ್ರಕ್ಕೆ ಮರಳುನೀರನ್ನು ಹನಿಸುತ್ತಿದ್ದರು. ಈಗ ಕೃತಕ ವಜ್ರದ ಪುಡಿ ಹಚ್ಚಿದ ಚಕ್ರಗಳಿವೆ. ಗಾಜಿಗೆ ಕಾವೇರದಂತೆಯೂ ಪುಡಿ ಹಾರದಂತೆಯೂ ಚಕ್ರದ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಕುಶಲಿಯು ಪಾತ್ರೆಯನ್ನು ಚಕ್ರದ ಮೇಲೆ ಒತ್ತಿ ಹಿಡಿಯುತ್ತಾನೆ. ಚಕ್ರ ತಗುಲುವ ಜಾಗವು ಪಾತ್ರೆಯ ಕೆಳಗೆ ಮರೆಯಾಗುವುದರಿಂದ ಅವನು ಗಾಜಿನ ಮೂಲಕವೇ ನೋಡಬೇಕು. ನೀರು, ಗಾಜಿನ ಹಾಲು, ಚಕ್ರದ ನೆರಳು ಇವುಗಳ ನಡುವೆ ಕಣ್ಣಿಗೆ ಕಾಣುವುದು ಸ್ವಲ್ಪ. ಉಳಿದದ್ದನ್ನು ಅವನು ಕೈಗೆ ಬರುವ ಅದುರಿನಿಂದಲೂ ಕಿವಿಗೆ ಬೀಳುವ ಸದ್ದಿನಿಂದಲೂ ಅರಿಯುತ್ತಾನೆ. ಕೊರೆದದ್ದನ್ನು ತುಂಬಲು ಬರುವುದಿಲ್ಲ. ನೂರು ಗೆರೆಗಳು ಸರಿಯಾಗಿ ಬಂದು ನೂರೊಂದನೆಯದು ಆಳವಾದರೆ ಬಟ್ಟಲು ಚೂರುಗಳ ಬುಟ್ಟಿಗೆ ಹೋಗಿ ಮತ್ತೆ ಮೂಸೆಯನ್ನು ಸೇರುತ್ತದೆ.

ಒರಟು ಚಕ್ರದ ಕೊರೆತ ಮಂಜಿನಂತೆ ಬೆಳ್ಳಗಿರುತ್ತದೆ. ಅದನ್ನು ನುಣುಪಾದ ಕಲ್ಲಿನ ಚಕ್ರದಿಂದ ನಯಗೊಳಿಸಿ, ಕೊನೆಗೆ ಮರದ ಅಥವಾ ಬೆಂಡಿನ ಚಕ್ರಕ್ಕೆ ನವುರಾದ ಪುಡಿಯನ್ನು ಹಚ್ಚಿ ಮೆರಗು ಕೊಡುತ್ತಾರೆ. ಮೆರಗಿಲ್ಲದ ಮುಖವು ಕನ್ನಡಿಯಾಗಲಾರದು. ಅದರಿಂದ ಬೆಳಕು ಚೆದರುತ್ತದೆ. ಹೆಚ್ಚಿನ ಕಾರ್ಖಾನೆಗಳಲ್ಲಿ ಈಗ ಈ ಕೊನೆಯ ಕೆಲಸವನ್ನು ಹೈಡ್ರೋಫ್ಲೋರಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ ಮುಗಿಸುತ್ತಾರೆ. ಅದರಿಂದ ಬಹಳ ಸಮಯ ಉಳಿಯುತ್ತದೆ. ಆದರೆ ಆಮ್ಲವು ಅಂಚುಗಳನ್ನು ತುಸು ಮೊಂಡಾಗಿಸುತ್ತದೆ. ಕೈಯಿಂದ ಮೆರಗು ಕೊಟ್ಟ ಬಟ್ಟಲಿನ ಅಂಚನ್ನು ಬೆರಳಿನಿಂದ ಸವರಿದರೇ ಅದರ ಹರಿತ ತಿಳಿಯುತ್ತದೆ.

ಹೊಳಪಿನ ಬೆಲೆ

ಇಷ್ಟೆಲ್ಲ ಸೊಬಗಿಗೆ ಕಾರಣವಾದ ಸೀಸವು ವಿಷವೆಂಬುದನ್ನು ಮರೆಯುವಂತಿಲ್ಲ. ಗಾಜಿನೊಳಗೆ ಬಂಧಿತವಾದ ಸೀಸವು ಮುಟ್ಟಿದ ಮಾತ್ರಕ್ಕೆ ಹಾನಿ ಮಾಡುವುದಿಲ್ಲ. ಆದರೆ ಹುಳಿಯಾದ ದ್ರವವು ಬಹುದಿನ ಅದರೊಳಗೆ ನಿಂತರೆ ಸೀಸವು ಮೆಲ್ಲಗೆ ಹೊರಬರುತ್ತದೆ. 1991ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸೀಸದ ಗಾಜಿನ ಹೂಜಿಗಳಲ್ಲಿ ನಾಲ್ಕು ತಿಂಗಳು ಇರಿಸಿದ ದ್ರಾಕ್ಷಾರಸದ ಮದ್ಯದ ಪ್ರತಿ ಲೀಟರಿನಲ್ಲಿ 2000ದಿಂದ 5000 ಮೈಕ್ರೋಗ್ರಾಮುಗಳಷ್ಟು ಸೀಸ ಕಂಡುಬಂದಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಮು. ಆದುದರಿಂದ ಮನೆಯಲ್ಲಿ ಹಳೆಯ ಸ್ಫಟಿಕಗಾಜಿನ ಪಾತ್ರೆಯಿದ್ದರೆ ಅದರಲ್ಲಿ ಉಪ್ಪಿನಕಾಯಿಯನ್ನಾಗಲಿ, ನಿಂಬೆಯ ರಸವನ್ನಾಗಲಿ, ಮಜ್ಜಿಗೆಯನ್ನಾಗಲಿ ತುಂಬಿಡಬಾರದು. ಮಕ್ಕಳ ಬಳಕೆಗೆ ಕೊಡಲೇಬಾರದು. ಬೇರಿಯಂ, ಸತು, ಟೈಟೇನಿಯಂ ಇವುಗಳ ಆಕ್ಸೈಡುಗಳನ್ನು ಬಳಸಿ ಸೀಸವಿಲ್ಲದೆಯೇ ಹೊಳೆಯುವ ಗಾಜನ್ನು ಈಗ ಅನೇಕ ಕಾರ್ಖಾನೆಗಳು ತಯಾರಿಸುತ್ತಿವೆ.

ಕೆಲಸಗಾರನು ತೆರುವ ಬೆಲೆ ಬೇರೆ. ಸೀಸದ ಪುಡಿ, ಆಮ್ಲದ ಹಬೆ, ಒಣಗಿದ ಗಾಜಿನ ಧೂಳು ಇವೆಲ್ಲವೂ ಉಸಿರಿಗೆ ವೈರಿಗಳು. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಬಳೆಗಳಿಗೆ ಮುಖ ಕೊರೆಯುವವರ ಕೆಲಸವೂ ಕಾವು, ಧೂಳು, ಚೂರುಗಳ ನಡುವಿನದೇ. ಜಾತ್ರೆಯ ಬಳೆಯ ಕಿಡಿಯನ್ನು ಮೆಚ್ಚುವಾಗ ಆ ಕೈಗಳನ್ನೂ ನೆನೆಯುವುದು ನ್ಯಾಯ.

ಕುಲುಮೆ ಆರಿದ ಮೇಲೆ

ಕಾರ್ಖಾನೆಗಳ ಅಗ್ಗದ ಗಾಜು ಹರಡಿದಂತೆ ಮತ್ತೋಡಿನ ಕುಲುಮೆಗಳು ಆರಿದವು. ಇಂದು ನಮ್ಮ ಜಾತ್ರೆಗಳಿಗೆ ಬಳೆ ಬರುವುದು ಬಹುಮಟ್ಟಿಗೆ ಫಿರೋಜಾಬಾದಿನಿಂದ. ಬೆಣಚುಕಲ್ಲು ಗುಡ್ಡದಲ್ಲಿಯೇ ಇದೆ. ಚೌಳು ಹೊಲದಲ್ಲಿಯೇ ಇದೆ. ಎರಡನ್ನೂ ಕೂಡಿಸಿ ಬಣ್ಣದ ಗಾಜು ಮಾಡುತ್ತಿದ್ದವರ ಕೈ ಮಾತ್ರ ಇಲ್ಲ. ಅವರು ಏನು ಬೆರೆಸುತ್ತಿದ್ದರೆಂಬುದು ನಮಗೆ ತಿಳಿದಿದ್ದರೆ ಅದು ದಾರಿಹೋಕನೊಬ್ಬನು ನಿಂತು, ಕೇಳಿ, ಬರೆದುಕೊಂಡದ್ದರಿಂದ. ಉರಿಯ ಬಣ್ಣ ಹೇಗಿರುವಾಗ ಮೂಸೆಯನ್ನು ತೆರೆಯಬೇಕು, ಎಷ್ಟು ಎಳೆದರೆ ಗಾಜು ಹರಿಯುತ್ತದೆ ಎಂಬಂತಹ ತಿಳಿವನ್ನು ಅವನೂ ಬರೆಯಲಾರದೆ ಹೋದನು. ಅದು ಕೈಯಿಂದ ಕೈಗೆ ಹೋಗತಕ್ಕದ್ದು. ಒಂದು ತಲೆಮಾರು ಕಲಿಯದಿದ್ದರೆ ಅಲ್ಲಿಗೆ ಮುಗಿಯಿತು.

ಇಂತಹ ತಿಳಿವನ್ನು ಉಳಿಸುವ ಕೆಲಸಕ್ಕೆ ಈಗ ಲೋಕವೂ ಕೈಹಾಕಿದೆ. ಇಟಲಿ ಮತ್ತು ಫ್ರಾನ್ಸ್ ದೇಶಗಳ ಗಾಜಿನ ಮಣಿಯ ಕಲೆಯನ್ನು ಯುನೆಸ್ಕೊ ಸಂಸ್ಥೆಯು 2020ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವಸಂಸ್ಥೆಯು 2022ನ್ನು ಗಾಜಿನ ವರ್ಷವೆಂದು ಆಚರಿಸಿತು. ಜೆಕ್ ದೇಶವೇ ಮೊದಲಾದ ಆರು ಯೂರೋಪಿಯನ್ ದೇಶಗಳ ಕೈಗಾಜಿನ ವಿದ್ಯೆಯೂ 2023ರಲ್ಲಿ ಯುನೆಸ್ಕೊ ಪಟ್ಟಿಯನ್ನು ಸೇರಿತು. ನೆರೆಯ ಆಂಧ್ರ ಪ್ರದೇಶದ ಪಾಪನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು ಮಣಿಗಳಾಗಿ ಕತ್ತರಿಸುವ ಪ್ರಾಚೀನ ವಿಧಾನವು ನಮ್ಮ ಕಾಲದವರೆಗೂ ಉಳಿದುಬಂದಿತು. ಆ ಕುಶಲಿಗಳ ಕೆಲಸವನ್ನು ವಿದ್ವಾಂಸರು ಕಣ್ಣಾರೆ ನೋಡಿ ದಾಖಲಿಸಿದ್ದರಿಂದ ನಮ್ಮ ಹಳೆಯ ಮಣಿಗಳು ಹೇಗೆ ಆದವೆಂಬುದು ತಿಳಿಯಿತು.

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದರಲ್ಲಿದೆ. ಮುಂದಿನ ಜಾತ್ರೆಯಲ್ಲಿ ಒಂದು ಸಾದಾ ಬಳೆಯನ್ನೂ ಒಂದು ಕೊರೆದ ಬಳೆಯನ್ನೂ ಕೊಂಡು, ಒಂದೇ ದೀಪದ ಮುಂದೆ ಹಿಡಿದು, ಕಿಡಿಗಳು ಯಾವ ಮುಖದಿಂದ ಬರುತ್ತವೆಂದು ಗುರುತಿಸಿರಿ. ಬಳೆಯ ತೂಕವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೆಗೆದು ಅದರ ಸಾಂದ್ರತೆಯನ್ನು ಲೆಕ್ಕಮಾಡಿರಿ. ಅದು ಎರಡೂವರೆಯ ಹತ್ತಿರ ಬಂದರೆ ಸಾಮಾನ್ಯ ಗಾಜೆಂದು ತಿಳಿಯಬಹುದು. ಅಷ್ಟಾದ ಮೇಲೆ ನಿಮ್ಮ ಊರಿನ ಕುಂಬಾರ, ಕಮ್ಮಾರ, ಬಳೆಗಾರ, ಬಡಗಿ ಇವರಲ್ಲಿ ಯಾರಾದರೊಬ್ಬ ಹಿರಿಯರ ಬಳಿ ಕುಳಿತು, ಅವರು ಏನು ಮಾಡುತ್ತಾರೆ, ಏಕೆ ಹಾಗೆಯೇ ಮಾಡುತ್ತಾರೆ ಎಂದು ಕೇಳಿ, ಬರೆದಿಡಿರಿ. ಮತ್ತೋಡಿಗೆ ಎರಡು ಶತಮಾನಗಳ ಹಿಂದೆ ಹೊರದೇಶದ ಒಬ್ಬ ದಾರಿಹೋಕ ಬರಬೇಕಾಯಿತು. ನಿಮ್ಮ ಊರಿಗೆ ನೀವೇ ಇದ್ದೀರಿ.